ಥೀಮ್ ಪಾರ್ಕ್ ವಾರ್ಷಿಕ ಪಾಸ್: ದುಡ್ಡು ಕೊಡುವ ಮೊದಲು ಹಾಕಬೇಕಾದ ಲೆಕ್ಕ

ಪಾರ್ಕಿನಿಂದ ಹೊರಗೆ ಬರುವ ದಾರಿಯಲ್ಲಿ ಒಂದು ಕೌಂಟರ್ ಇರುತ್ತದೆ. ಸಂಜೆ ಹೊತ್ತು. ಕಾಲು ನೋಯುತ್ತಿರುತ್ತದೆ, ಬಟ್ಟೆ ಅರ್ಧ ಒದ್ದೆ, ಮಕ್ಕಳು ಮಾತ್ರ ಇನ್ನೂ ರೈಡಿನ ಗುಂಗಿನಲ್ಲೇ ಇರುತ್ತಾರೆ. ಅಷ್ಟರಲ್ಲಿ ಬೋರ್ಡ್ ಕಾಣುತ್ತದೆ. ಇವತ್ತಿನ ಟಿಕೆಟ್ ದುಡ್ಡು ಕಳೆದು ಉಳಿದಿದ್ದನ್ನು ಕೊಟ್ಟರೆ ವರ್ಷಪೂರ್ತಿ ಬರಬಹುದಂತೆ. ಎರಡು ಸಲ ಬಂದರೆ ದುಡ್ಡು ವಸೂಲಿ, ಮೂರನೇ ಸಲದಿಂದ ಎಲ್ಲಾ ಫ್ರೀ. ಅಷ್ಟು ಖುಷಿಯಲ್ಲಿರುವವರಿಗೆ ಇನ್ನೇನು ಹೇಳಬೇಕು, ಕಾರ್ಡ್ ತಾನಾಗಿ ಜೇಬಿನಿಂದ ಹೊರಗೆ ಬರುತ್ತದೆ.

ನಾನೂ ಮೊದಲ ಸಲ ಹಾಗೇ ತಗೊಂಡಿದ್ದು. ಆ ಬೋರ್ಡಿನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಪಾರ್ಕಿನವರ ಲೆಕ್ಕ. ನಮ್ಮ ಲೆಕ್ಕ ಬೇರೆ ಕಡೆಯಿಂದ ಶುರುವಾಗಬೇಕು. ಅದನ್ನು ಹೇಗೆ ಹಾಕುವುದು ಅಂತ ಇಲ್ಲಿ ಬರೆದಿದ್ದೇನೆ. ಒಂದು ಪೆನ್ನು, ಒಂದು ಚೀಟಿ, ಮುಂದಿನ ವರ್ಷದ ಕ್ಯಾಲೆಂಡರ್ ಇದ್ದರೆ ಸಾಕು.

ದುಡ್ಡಿನ ಬದಲು ಟಿಕೆಟ್‌ನಲ್ಲಿ ಎಣಿಸಿ

ಮೊದಲು ಒಬ್ಬರ ಒಂದು ದಿನದ ಟಿಕೆಟ್ ಬೆಲೆಯನ್ನು 1 ಅಂತ ಇಟ್ಟುಕೊಳ್ಳಿ. ಪಾಸ್, ಪಾರ್ಕಿಂಗ್, ಊಟ, ದಾರಿ ಖರ್ಚು ಎಲ್ಲವನ್ನೂ ಆ ಟಿಕೆಟ್‌ಗೆ ಹೋಲಿಸಿ ಬರೆಯಿರಿ. ಪಾಸ್ ಎರಡೂವರೆ ಟಿಕೆಟ್‌ನಷ್ಟು, ಪಾರ್ಕಿಂಗ್ ಕಾಲು ಟಿಕೆಟ್‌ನಷ್ಟು, ಹೀಗೆ. ದೊಡ್ಡ ದೊಡ್ಡ ಮೊತ್ತ ನೋಡಿದರೆ ತಲೆ ಕೆಡುತ್ತದೆ, ಟಿಕೆಟ್ ಲೆಕ್ಕ ಬೆರಳಲ್ಲೇ ಎಣಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಈ 1 ಅಂದರೆ ಗೇಟಿನ ಬೋರ್ಡಿನಲ್ಲಿ ಬರೆದಿರುವ ದರ ಅಲ್ಲ. ನೀವು ನಿಜವಾಗಿ ಎಷ್ಟಕ್ಕೆ ಟಿಕೆಟ್ ತಗೊಳ್ಳುತ್ತಿದ್ದಿರಿ ಅನ್ನುವುದು. ಈಗ ತುಂಬಾ ಪಾರ್ಕುಗಳಲ್ಲಿ ಮುಂಗಡವಾಗಿ ಆನ್‌ಲೈನಲ್ಲಿ ತಗೊಂಡರೆ ಕಡಿಮೆ. ದಿನಕ್ಕೊಂದು ಬೆಲೆ ಇಡುವುದೂ ಸಾಮಾನ್ಯ. ಅಮೆರಿಕದ ಫ್ಲೋರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ 2018ರ ಅಕ್ಟೋಬರ್‌ನಿಂದ ತಾರೀಕಿನ ಮೇಲೆ ಟಿಕೆಟ್ ದರ ಇಡಲು ಶುರುಮಾಡಿತು. ಮಂಗಳವಾರಕ್ಕೂ ಹಬ್ಬದ ರಜೆಗೂ ಒಂದೇ ದರ ಇರುವುದಿಲ್ಲ. ಪಾಸ್ ಮಾರುವವರು ಹೋಲಿಸಿ ತೋರಿಸುವುದು ಸಾಮಾನ್ಯವಾಗಿ ಗೇಟಿನ ದುಬಾರಿ ದರದ ಜೊತೆಗೇ. ಹಾಗೆ ಹೋಲಿಸಿದರೆ ಯಾವ ಪಾಸಾದರೂ ಅಗ್ಗವಾಗೇ ಕಾಣುತ್ತದೆ. ಎರಡು ದಿನದ, ಮೂರು ದಿನದ ಟಿಕೆಟ್ ಸಿಗುತ್ತದಾ ಅಂತಲೂ ನೋಡಿ. ಮೊದಲ ದಿನಕ್ಕಿಂತ ಎರಡನೇ ದಿನದ ದರ ಎಷ್ಟೋ ಕಡೆ ಗಣನೀಯವಾಗಿ ಇಳಿಯುತ್ತದೆ. ವರ್ಷಕ್ಕೆ ಒಮ್ಮೆ ಹೋಗಿ ಎರಡು ದಿನ ಸುತ್ತಾಡುವವರಿಗೆ ಪಾಸಿನ ಮಾತೇ ಬೇಡ.

ನಾಲ್ಕು ಜನರ ಒಂದು ಲೆಕ್ಕ

ನಾಲ್ಕು ಜನರ ಮನೆ ಅಂದುಕೊಳ್ಳಿ. ಪಾಸ್ ಒಬ್ಬರಿಗೆ 2.5 ಟಿಕೆಟ್. ನಾಲ್ಕು ಜನಕ್ಕೆ 10. ಪಾಸಿನ ಜೊತೆ ಪಾರ್ಕಿಂಗ್ ಫ್ರೀ. ಪಾಸ್ ಇಲ್ಲದೆ ಒಂದು ಸಲ ಹೋದರೆ ಟಿಕೆಟ್ 4, ಪಾರ್ಕಿಂಗ್ 0.25, ಒಟ್ಟು 4.25. ಎರಡು ಸಲಕ್ಕೆ 8.5, ಮೂರು ಸಲಕ್ಕೆ 12.75. ಅಂದರೆ ಮೂರನೇ ಸಲ ಹೋದಾಗ ಪಾಸ್ ಗೆದ್ದಿತು. ಇಲ್ಲಿಯವರೆಗೆ ಎಲ್ಲರೂ ಹಾಕುವ ಲೆಕ್ಕ ಇದು, ಮತ್ತು ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಪಾಸ್ ಅನ್ನುವುದೇ ಇಲ್ಲದಿದ್ದರೆ, ಪ್ರತಿ ಸಲ ಟಿಕೆಟ್ ಕೊಂಡೇ ಹೋಗಬೇಕಿದ್ದರೆ, ನೀವು ವರ್ಷಕ್ಕೆ ಎಷ್ಟು ಸಲ ಹೋಗುತ್ತಿದ್ದಿರಿ? ಎರಡು ಸಲ ಅಂತ ಇಟ್ಟುಕೊಳ್ಳೋಣ. ಪಾಸ್ ಇರುವುದರಿಂದ ಐದು ಸಲ ಹೋದಿರಿ.

ಪಾರ್ಕಿನವರ ಲೆಕ್ಕದ ಪ್ರಕಾರ ಐದು ಸಲಕ್ಕೆ 21.25 ಆಗಬೇಕಿತ್ತು, ನೀವು ಕೊಟ್ಟಿದ್ದು 10, ಹಾಗಾಗಿ 11.25 ಟಿಕೆಟ್ ಉಳಿತಾಯ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ. ಆದರೆ ನಿಮ್ಮ ಜೇಬಿನ ಲೆಕ್ಕ ಬೇರೆ. ಒಂದು ಸಲ ಹೋಗಿ ಬರುವುದಕ್ಕೆ ಪೆಟ್ರೋಲ್, ಒಳಗಿನ ಊಟ, ನೀರು, ಮಕ್ಕಳು ಹಟ ಹಿಡಿದ ಯಾವುದೋ ಬೊಂಬೆ ಎಲ್ಲಾ ಸೇರಿ ಒಂದೂವರೆ ಟಿಕೆಟ್‌ನಷ್ಟು ಆಗುತ್ತದೆ ಅಂದುಕೊಳ್ಳಿ. ಪಾಸ್ ಇಲ್ಲದೆ ಎರಡು ಸಲ ಹೋಗಿದ್ದರೆ 8.5ಕ್ಕೆ 3 ಸೇರಿ 11.5. ಪಾಸ್ ತಗೊಂಡು ಐದು ಸಲ ಹೋದದ್ದಕ್ಕೆ 10ಕ್ಕೆ 7.5 ಸೇರಿ 17.5. ಹನ್ನೊಂದು ಟಿಕೆಟ್ ಉಳಿಸಿದೆವು ಅಂತ ಹೇಳಿಕೊಂಡು ಓಡಾಡುವ ಮನೆಯಿಂದ ನಿಜವಾಗಿ ಆರು ಟಿಕೆಟ್‌ನಷ್ಟು ದುಡ್ಡು ಜಾಸ್ತಿ ಹೋಗಿದೆ.

ಹಾಗಂತ ಪಾಸ್ ದಂಡ ಅಂತ ನಾನು ಹೇಳುತ್ತಿಲ್ಲ. ಆರು ಟಿಕೆಟ್ ಕೊಟ್ಟು ಮೂರು ದಿನ ಜಾಸ್ತಿ ಸಿಕ್ಕಿದೆ. ಅಂದರೆ ಒಂದು ದಿನಕ್ಕೆ ಎರಡು ಟಿಕೆಟ್, ಅದೂ ನಾಲ್ಕು ಜನಕ್ಕೆ, ಊಟ ತಿರುಗಾಟ ಎಲ್ಲಾ ಸೇರಿ. ಆ ಬೆಲೆಗೆ ಆ ದಿನ ಬೇಕಾ? ಕೇಳಬೇಕಾದ ಪ್ರಶ್ನೆ ಇದು. ಬೇಕು ಅನ್ನಿಸಿದರೆ ಧಾರಾಳವಾಗಿ ತಗೊಳ್ಳಿ. ಅದೇ ದುಡ್ಡಿಗೆ ಬೇರೆ ಮೂರು ಜಾಗ ನೋಡಬಹುದಿತ್ತಲ್ಲ ಅನ್ನಿಸಿದರೆ ಬೇಡ. ಪಾಸ್ ಇಲ್ಲದಿದ್ದರೂ ವರ್ಷಕ್ಕೆ ನಾಲ್ಕು ಸಲ ಟಿಕೆಟ್ ಕೊಂಡು ಹೋಗುವ ಮನೆಯಾದರೆ ಇಷ್ಟೆಲ್ಲಾ ಓದುವುದೇ ಬೇಡ, ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದು.

ಎಷ್ಟು ಸಲ ಹೋಗುತ್ತೀರಿ? ಮನಸ್ಸಿನ ಮಾತು ನಂಬಬೇಡಿ

ಇಡೀ ಲೆಕ್ಕ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ನಾವು ಎಲ್ಲರೂ ಎಡವುವುದೂ ಇಲ್ಲೇ.

ಜಿಮ್ ವಿಷಯದಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿ 2006ರಲ್ಲಿ ಪ್ರಕಟಿಸಿದರು. ತಿಂಗಳ ಸದಸ್ಯತ್ವ ತಗೊಂಡವರು ಸರಾಸರಿ ಹೋಗಿದ್ದು ತಿಂಗಳಿಗೆ 4.3 ಸಲ. ಹತ್ತು ಸಲದ ಕೂಪನ್ ತಗೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಆಗುತ್ತಿದ್ದ ಕಡೆ ಅವರಿಗೆ ಬಿದ್ದಿದ್ದು 17ಕ್ಕಿಂತ ಜಾಸ್ತಿ. ಇವರ‍್ಯಾರೂ ದಡ್ಡರಲ್ಲ. ಮುಂದಿನ ತಿಂಗಳ ನಾನು ಈ ತಿಂಗಳ ನನಗಿಂತ ಚುರುಕಾಗಿರುತ್ತೇನೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಷ್ಟೇ.

ನಾಟಕದ ಸೀಸನ್ ಟಿಕೆಟ್ ಮೇಲೆ 1985ರಲ್ಲಿ ಬಂದ ಇನ್ನೊಂದು ಅಧ್ಯಯನ ಇದೆ, ನನಗೆ ಅದು ಇನ್ನೂ ಇಷ್ಟ. ಓಹಾಯೋ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಟಿಕೆಟ್ ಕೊಳ್ಳಲು ಬಂದ ಕೆಲವರಿಗೆ, ಅವರು ಕೇಳದೆಯೇ, ರಿಯಾಯಿತಿ ಕೊಟ್ಟರು. ಪೂರ್ತಿ ದುಡ್ಡು ಕೊಟ್ಟವರು ಸೀಸನ್ನಿನ ಮೊದಲ ಅರ್ಧದಲ್ಲಿ ಜಾಸ್ತಿ ನಾಟಕಕ್ಕೆ ಬಂದರು. ಎರಡನೇ ಅರ್ಧದ ಹೊತ್ತಿಗೆ ಅಷ್ಟು ವ್ಯತ್ಯಾಸ ಉಳಿಯಲಿಲ್ಲ. ಕೊಟ್ಟ ದುಡ್ಡಿನ ನೋವು ನಮ್ಮನ್ನು ಓಡಿಸುವುದು ಕೆಲವು ತಿಂಗಳು ಮಾತ್ರ. ಪಾಸ್ ತಗೊಂಡ ಮನೆಗಳಲ್ಲಿ ನಾನು ನೋಡಿರುವುದೂ ಇದನ್ನೇ. ಮೊದಲ ಎರಡು ತಿಂಗಳಲ್ಲಿ ಮೂರು ಸಲ, ಆಮೇಲೆ ಹತ್ತು ತಿಂಗಳಲ್ಲಿ ಒಂದು ಸಲ.

ಹಾಗಾದರೆ ಸರಿಯಾದ ಸಂಖ್ಯೆ ಹಿಡಿಯುವುದು ಹೇಗೆ? ಎರಡು ದಾರಿ ಇದೆ.

ಮೊದಲನೆಯದು ಫೋನಿನ ಫೋಟೊ ಗ್ಯಾಲರಿ. ಕಳೆದ ಹನ್ನೆರಡು ತಿಂಗಳು ಹಿಂದಕ್ಕೆ ಹೋಗಿ. ಮನೆಯವರೆಲ್ಲಾ ಒಟ್ಟಿಗೆ ಇಡೀ ದಿನ ಹೊರಗೆ ಕಳೆದ ದಿನಗಳು ಎಷ್ಟು ಅಂತ ಎಣಿಸಿ. ಪಾರ್ಕೇ ಆಗಬೇಕಿಲ್ಲ, ಎಲ್ಲಿಗಾದರೂ ಸರಿ. ಏಳು ದಿನ ಅಂತ ಬಂತು ಅನ್ನಿ. ಮುಂದಿನ ವರ್ಷ ಆ ಏಳರಲ್ಲಿ ಐದು ದಿನ ಒಂದೇ ಪಾರ್ಕಿಗೆ ಹೋಗುತ್ತೀರಾ? ನಾನು ಎಣಿಸಿದಾಗ ಬಂದಿದ್ದು ಆರು, ಅದರಲ್ಲಿ ಎರಡು ಮದುವೆ.

ಎರಡನೆಯದು ಕ್ಯಾಲೆಂಡರ್. ಮುಂದಿನ ವರ್ಷದ್ದು ತೆಗೆದು ಮೊದಲು ಆಗದ ದಿನಗಳನ್ನು ಹೊಡೆದು ಹಾಕಿ. ಪರೀಕ್ಷೆ ಇರುವ ವಾರಗಳು, ಆಫೀಸಿನಲ್ಲಿ ಉಸಿರಾಡಲು ಬಿಡದ ತಿಂಗಳು, ಊರಿಗೆ ಹೋಗುವ ರಜೆ, ಮಳೆ ಇಲ್ಲವೇ ಸುಡು ಬಿಸಿಲಿನ ದಿನಗಳು. ಆಮೇಲೆ ಪಾಸಿನ ನಿಯಮದಲ್ಲಿ ಒಳಗೆ ಬಿಡದ ದಿನಗಳು. ಉಳಿದಿದ್ದರಲ್ಲಿ ಇಂಥ ಶನಿವಾರ, ಇಂಥ ಭಾನುವಾರ ಅಂತ ತಾರೀಕು ಗುರುತು ಮಾಡಿ. ಬಾಯಲ್ಲಿ "ತಿಂಗಳಿಗೊಮ್ಮೆ ಹೋಗೋಣ" ಅನ್ನುವುದು ಸುಲಭ. ನಾಲ್ಕು ತಾರೀಕು ಹುಡುಕಿ ಗುರುತು ಮಾಡಲು ಕೂತರೆ ಗೊತ್ತಾಗುತ್ತದೆ. ಗುರುತು ಮಾಡಿದ್ದರಲ್ಲಿ ಒಂದು ಯಾರಿಗೋ ಜ್ವರ ಬಂದು ತಪ್ಪುತ್ತದೆ, ಅದನ್ನೂ ಕಳೆಯಿರಿ.

ಬಿಡದ ದಿನಗಳು, ಬುಕಿಂಗ್, ಮತ್ತು ನನ್ನ ಪೆದ್ದುತನ

ಬ್ಲಾಕ್‌ಔಟ್ ದಿನ ಅಂತಾರೆ. ಪಾಸ್ ಇದ್ದರೂ ಒಳಗೆ ಬಿಡದ ದಿನಗಳು. ಕಡಿಮೆ ಬೆಲೆಯ ಪಾಸ್ ಆದಷ್ಟೂ ಇವು ಜಾಸ್ತಿ, ಮತ್ತು ಬೀಳುವುದು ಸರಿಯಾಗಿ ಶಾಲೆಗೆ ರಜೆ ಇರುವಾಗಲೇ. ಮಕ್ಕಳಿಲ್ಲದವರಿಗೆ, ವಾರದ ಮಧ್ಯೆ ರಜೆ ಸಿಗುವವರಿಗೆ ಇದರಿಂದ ಲಾಭವೇ. ಅವರು ಅತಿ ಅಗ್ಗದ ಪಾಸ್ ತಗೊಂಡು ಖಾಲಿ ಪಾರ್ಕಿನಲ್ಲಿ ಆರಾಮಾಗಿ ಸುತ್ತಬಹುದು. ಶಾಲೆಗೆ ಹೋಗುವ ಮಕ್ಕಳ ಮನೆಗೆ ಅದೇ ಪಾಸ್ ಅರ್ಧ ಸತ್ತ ಪಾಸ್.

ನನ್ನ ಮೊದಲ ಪಾಸ್ ಕಥೆ ಅದೇ. ರಜೆಯ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಎಲ್ಲರನ್ನೂ ಎಬ್ಬಿಸಿ, ಎರಡು ಗಂಟೆ ಗಾಡಿ ಓಡಿಸಿ ಗೇಟಿನ ಹತ್ತಿರ ಹೋದರೆ ಯಂತ್ರ ಕೆಂಪು ದೀಪ ತೋರಿಸಿತು. ಅಲ್ಲಿದ್ದ ಹುಡುಗಿ ಪಾಪ ಎರಡು ಸಲ ಒರೆಸಿ ಒರೆಸಿ ಹಿಡಿದಳು. ಆಮೇಲೆ ನಿಯಮದ ಪಟ್ಟಿ ತೋರಿಸಿದಳು. ಆ ವಾರ ಪೂರ್ತಿ ನಮ್ಮ ಪಾಸಿಗೆ ಪ್ರವೇಶ ಇರಲಿಲ್ಲ. ಹೋದ ಪುಟ್ಟ ಬಂದ ಪುಟ್ಟ ಅನ್ನುವ ಹಾಗೆ ವಾಪಸ್ ಬರಲು ಮಕ್ಕಳು ಬಿಡಬೇಕಲ್ಲ. ಆ ದಿನದ ದುಬಾರಿ ಟಿಕೆಟ್ ಕೊಂಡು ಒಳಗೆ ಹೋದೆವು. ಪಾಸ್ ಜೇಬಿನಲ್ಲೇ ಇತ್ತು.

ಬ್ಲಾಕ್‌ಔಟ್ ಇಲ್ಲದ ದುಬಾರಿ ಪಾಸ್ ತಗೊಂಡರೂ ಒಂದು ವಿಷಯ ನೋಡಿ: ಮುಂಗಡ ಬುಕಿಂಗ್ ಬೇಕಾ? ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2021ರ ಜನವರಿಯಲ್ಲಿ ತನ್ನ ಹಳೆಯ ವಾರ್ಷಿಕ ಪಾಸ್ ವ್ಯವಸ್ಥೆಯನ್ನೇ ನಿಲ್ಲಿಸಿ ಅದೇ ವರ್ಷ ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಅಂತ ಹೊಸದು ತಂದಿತು. ಅದರಲ್ಲಿ ಡ್ರೀಮ್ ಕೀ ಅನ್ನುವುದು ಆಗ ಎಲ್ಲಕ್ಕಿಂತ ದುಬಾರಿಯಾಗಿತ್ತು, ಬ್ಲಾಕ್‌ಔಟ್ ದಿನಗಳೇ ಇಲ್ಲ ಅಂತ ಮಾರಿದ್ದರು. ಆದರೆ ಹೋಗಬೇಕಾದರೆ ಮೊದಲೇ ದಿನ ಕಾದಿರಿಸಬೇಕಿತ್ತು, ಆ ಜಾಗಗಳಿಗೆ ಮಿತಿ ಇತ್ತು. ಬೇಕಾದ ದಿನ ಸಿಗಲಿಲ್ಲ ಅಂತ ಒಬ್ಬರು ಕೋರ್ಟಿಗೆ ಹೋದರು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 2023ರಲ್ಲಿ 95 ಲಕ್ಷ ಡಾಲರ್‌ಗೆ ರಾಜಿ ಆಯಿತು. ಪಾಸ್ ಕೊಳ್ಳುವ ಮೊದಲೇ ಬುಕಿಂಗ್ ಪುಟ ತೆರೆದು ಮುಂದಿನ ನಾಲ್ಕು ವಾರಾಂತ್ಯಗಳಲ್ಲಿ ಜಾಗ ಇದೆಯಾ ಅಂತ ನೋಡಿದರೆ ಸಾಕು, ಅಲ್ಲೇ ಗೊತ್ತಾಗುತ್ತದೆ.

ಗೋಡೆಯ ಮೇಲಿನ ಗೆರೆ

ಮಕ್ಕಳಿರುವವರು ಪಾಸಿನ ಬೆಲೆ ನೋಡುವ ಮೊದಲು ಮಗುವಿನ ಎತ್ತರ ಅಳೆಯಬೇಕು. ತಮಾಷೆ ಅಲ್ಲ. ದೊಡ್ಡ ರೋಲರ್ ಕೋಸ್ಟರ್‌ಗಳಲ್ಲಿ ಸಾಮಾನ್ಯವಾಗಿ 48 ಇಂಚು, ಅಂದರೆ ಸುಮಾರು 122 ಸೆಂಟಿಮೀಟರ್ ಎತ್ತರ ಕೇಳುತ್ತಾರೆ. ಇನ್ನೂ ಜೋರಿನವಕ್ಕೆ 54 ಇಂಚು, ಸುಮಾರು 137 ಸೆಂಟಿಮೀಟರ್. ರೈಡಿನ ಬಾಯಲ್ಲಿ ಒಂದು ಅಳತೆಯ ಹಲಗೆ ನಿಲ್ಲಿಸಿರುತ್ತಾರೆ. ನನ್ನ ಮಗ ಅದರ ಮುಂದೆ ನಿಂತು, ಎದೆ ಉಬ್ಬಿಸಿ, ಯಾರಿಗೂ ಗೊತ್ತಾಗದ ಹಾಗೆ ಹಿಮ್ಮಡಿ ಎತ್ತಿದ. ಅಲ್ಲಿದ್ದವರು ನಗುತ್ತಾ ಹೆಗಲ ಮೇಲೆ ಕೈ ಇಟ್ಟು ಮೆತ್ತಗೆ ಒತ್ತಿದರು. ಎರಡು ಬೆರಳು ಕಡಿಮೆ. ಆ ವರ್ಷ ಪೂರ್ತಿ ನಾವು ಪುಟ್ಟ ಮಕ್ಕಳ ಜಾಗದಲ್ಲೇ ಸುತ್ತು ಹೊಡೆದೆವು, ಒಳಗಿನ ಅರ್ಧ ರೈಡುಗಳನ್ನು ಕೆಳಗಿನಿಂದ ನೋಡಿಕೊಂಡು.

ಹಾಗಾಗಿ ಗೆರೆಯ ಹತ್ತಿರ ಇರುವ ಮಗುವಿದ್ದರೆ ಆರು ತಿಂಗಳು ತಡೆದು ತಗೊಳ್ಳುವುದೇ ಜಾಣತನ. ವಯಸ್ಸಿನ ಗೆರೆಯನ್ನೂ ನೋಡಿ. ಡಿಸ್ನಿ ಪಾರ್ಕುಗಳಲ್ಲಿ 3 ವರ್ಷದೊಳಗಿನ ಮಗುವಿಗೆ ಟಿಕೆಟ್ಟೇ ಬೇಡ, ಬೇರೆ ಕಡೆ ವಯಸ್ಸಿನ ಬದಲು ಎತ್ತರದ ಮೇಲೆ ಬಿಡುವುದೂ ಇದೆ. ಫ್ರೀ ಇರುವ ಮಗುವಿಗೆ ಸುಮ್ನೆ ಪಾಸ್ ಕೊಂಡವರನ್ನೂ ನಾನು ಕಂಡಿದ್ದೇನೆ. ಆ ಕಡೆಯ ಗೆರೆಯೂ ಇದೆ: ಹದಿನಾಲ್ಕು, ಹದಿನೈದಕ್ಕೆ ಬಂದ ಮಕ್ಕಳಿಗೆ ಅಪ್ಪ ಅಮ್ಮನ ಜೊತೆ ಪಾರ್ಕಿಗೆ ಬರುವುದೇ ಬೇಡವಾಗಿರುತ್ತದೆ. ಪಾಸ್ ಕೊಳ್ಳುವ ಮೊದಲು ಅವರನ್ನೇ ಒಂದು ಮಾತು ಕೇಳಿ.

ಪಾರ್ಕಿಂಗ್, ಊಟದ ರಿಯಾಯಿತಿ ವಗೈರೆ

ಪಾಸಿನ ಜಾಹೀರಾತಿನಲ್ಲಿ ಉದ್ದ ಪಟ್ಟಿ ಇರುತ್ತದೆ. ಅದರಲ್ಲಿ ನಿಜವಾಗಿ ತೂಕ ಇರುವುದು ಪಾರ್ಕಿಂಗ್. ಪ್ರತಿ ಸಲ ತಪ್ಪದೆ ಕೊಡಬೇಕಾದ ದುಡ್ಡು ಅದು, ಹಾಗಾಗಿ ಅಷ್ಟೂ ಉಳಿತಾಯವೇ. ಬಸ್ಸಿನಲ್ಲೋ ರೈಲಿನಲ್ಲೋ ಹೋಗುವವರಿಗೆ ಸೊನ್ನೆ.

ಇಲ್ಲೊಂದು ಉಪಾಯ ಇದೆ. ಪಾರ್ಕಿಂಗ್ ಫ್ರೀ ಅನ್ನುವುದು ಎಷ್ಟೋ ಕಡೆ ಮೇಲಿನ ದರ್ಜೆಯ ಪಾಸಿನ ಜೊತೆ ಮಾತ್ರ ಬರುತ್ತದೆ. ಆದರೆ ಕಾರು ಒಂದೇ ಅಲ್ವಾ? ಗಾಡಿ ಓಡಿಸುವವರಿಗೆ ಒಂದು ಮೇಲಿನ ಪಾಸ್, ಉಳಿದವರಿಗೆ ಕೆಳಗಿನದು ಸಾಕು. ಮೇಲಿನದು 3.5 ಟಿಕೆಟ್, ಕೆಳಗಿನದು 2.25 ಅಂತಾದರೆ ನಾಲ್ಕು ಜನಕ್ಕೂ ಮೇಲಿನದೇ ತಗೊಂಡರೆ 14, ಒಂದು ಮೇಲಿನದು ಮೂರು ಕೆಳಗಿನದು ತಗೊಂಡರೆ 10.25. ಒಂದೇ ಷರತ್ತು, ಕೆಳಗಿನ ಪಾಸಿನ ಬ್ಲಾಕ್‌ಔಟ್ ದಿನಗಳು ನಿಮ್ಮ ಕ್ಯಾಲೆಂಡರ್‌ಗೆ ಅಡ್ಡ ಬರಬಾರದು.

ಊಟದ ರಿಯಾಯಿತಿಗೆ ಮಾತ್ರ ಮರುಳಾಗಬೇಡಿ. ಮನೆಯಿಂದ ತಿಂದು ಹೋಗುವವರು, ಹೊರಗೆ ಬಂದು ತಿನ್ನುವವರು ರಿಯಾಯಿತಿ ಇದೆ ಅಂತಲೇ ಒಳಗೆ ತಿನ್ನಲು ಶುರುಮಾಡುತ್ತಾರೆ, ಅಲ್ಲಿಗೆ ಮೂಗಿಗಿಂತ ಮೂಗುತಿ ಭಾರ. ಪಾರ್ಕಿನವರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಡಿಸ್ನಿಲ್ಯಾಂಡಿನಲ್ಲಿ ಒಂದೊಂದು ರೈಡಿಗೂ ಕೂಪನ್ ಹರಿದು ಕೊಡಬೇಕಿತ್ತು, 1982ರಲ್ಲಿ ಆ ಕೂಪನ್ ಪುಸ್ತಕ ಹೋಗಿ ಒಂದೇ ಟಿಕೆಟ್‌ಗೆ ಎಲ್ಲಾ ರೈಡು ಅಂತಾಯಿತು. ಒಳಗೆ ಬಂದವರ ಜೇಬಿನಿಂದ ಮತ್ತೆ ದುಡ್ಡು ಬರಬೇಕಾದರೆ ಇನ್ನು ಉಳಿದಿರುವುದು ಊಟ, ಅಂಗಡಿ, ಕ್ಯೂ ತಪ್ಪಿಸುವ ಪಾಸ್. ಪಾಸ್ ಹಿಡಿದು ಮತ್ತೆ ಮತ್ತೆ ಬರುವವರು ಅವರಿಗೆ ಅದಕ್ಕೇ ಬೇಕು. ಅಂದ ಹಾಗೆ, ಕ್ಯೂ ತಪ್ಪಿಸುವ ಪಾಸ್ ಸಾಮಾನ್ಯವಾಗಿ ವಾರ್ಷಿಕ ಪಾಸಿನಲ್ಲಿ ಸೇರಿರುವುದಿಲ್ಲ. ಸ್ನೇಹಿತರಿಗೆ ಕೊಡುವ ರಿಯಾಯಿತಿ ಟಿಕೆಟ್‌ಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅವುಗಳ ಲಾಭ ಸ್ನೇಹಿತರಿಗೆ.

ಲೆಕ್ಕಕ್ಕೆ ಸಿಗದ ಒಂದು ಲಾಭ

ಇಷ್ಟು ಹೊತ್ತು ಪಾಸಿನ ವಿರುದ್ಧವೇ ಮಾತಾಡಿದ ಹಾಗಾಯಿತು. ಆದರೆ ಪಾಸ್ ಕೊಡುವ ಒಂದು ಸುಖ ಟಿಕೆಟ್‌ನಲ್ಲಿ ಸಿಗುವುದಿಲ್ಲ. ಟಿಕೆಟ್ ಕೊಂಡ ದಿನ ನಾವು ಪಾರ್ಕನ್ನು ಹಿಂಡಿ ತೆಗೆಯಲು ಹೋಗುತ್ತೇವೆ. ಬಾಗಿಲು ತೆಗೆಯುವ ಮೊದಲು ನಿಂತು, ಮುಚ್ಚುವವರೆಗೆ ಇದ್ದು, ಅಳುವ ಮಗುವನ್ನು ಎಳೆದುಕೊಂಡು ಹೋಗಿ ಕೊನೆಯ ರೈಡ್ ಹತ್ತಿಸುತ್ತೇವೆ. ಪಾಸ್ ಇದ್ದರೆ ಸಂಜೆ ನಾಲ್ಕಕ್ಕೆ ಹೋಗಿ, ಎರಡು ರೈಡ್ ಹತ್ತಿ, ಮೂರು ಗಂಟೆಯಲ್ಲಿ ವಾಪಸ್ ಬರಬಹುದು. ಮಳೆ ಬಂತಾ, ಮನೆಗೆ ನಡೆಯಿರಿ. ಕ್ಯೂ ಉದ್ದ ಇದೆಯಾ, ಇನ್ನೊಂದು ದಿನ. ತಲೆ ಮೇಲೆ ಭಾರ ಇರುವುದಿಲ್ಲ.

ಈ ಸುಖ ಸಿಗುವುದು ಪಾರ್ಕ್ ಹತ್ತಿರ ಇರುವವರಿಗೆ ಮಾತ್ರ. ನನ್ನ ಅಂದಾಜು ಇಷ್ಟೇ: ಮನೆಯಿಂದ ಒಂದು ಗಂಟೆಯೊಳಗೆ ಇದ್ದರೆ ಮೂರು ಗಂಟೆಯ ಭೇಟಿ ಸಾಧ್ಯ. ಎರಡು ಗಂಟೆ ಆದರೆ ಹೋದ ಮೇಲೆ ಇಡೀ ದಿನ ಇರಲೇಬೇಕು ಅನ್ನಿಸುತ್ತದೆ, ಆಗ ಪಾಸಿಗೂ ಟಿಕೆಟ್‌ಗೂ ಏನೂ ವ್ಯತ್ಯಾಸ ಇಲ್ಲ. ದೂರದವರು ಪಾಸ್ ಬಿಟ್ಟು, ವಾರದ ಮಧ್ಯೆ ಕಡಿಮೆ ದರದ ಒಂದು ದಿನ ಹಿಡಿದು ಟಿಕೆಟ್ ತಗೊಳ್ಳಲಿ.

ಸಹಿ ಮಾಡುವ ಮೊದಲು ಓದಬೇಕಾದ ಸಾಲುಗಳು

ವಾರ್ಷಿಕ ಅಂದರೆ ಯಾವ ವರ್ಷ? ಕೊಂಡ ದಿನದಿಂದ ಹನ್ನೆರಡು ತಿಂಗಳಾ, ಮೊದಲ ಸಲ ಬಳಸಿದ ದಿನದಿಂದಲಾ, ಇಲ್ಲಾ ಸೀಸನ್ ಮುಗಿಯುವವರೆಗಾ? ಸೀಸನ್ ಪಾಸನ್ನು ವರ್ಷದ ಪಾಸ್ ಅಂದುಕೊಂಡು ಅರ್ಧ ಸೀಸನ್ನಿನಲ್ಲಿ ಕೊಂಡರೆ ಅರ್ಧ ದುಡ್ಡು ನೀರುಪಾಲು. ತಿರುಗಾಮುರುಗಾ ಕೂಡ ಆಗುತ್ತದೆ: ಕೆಲವು ಪಾರ್ಕುಗಳು ಸೀಸನ್ ಕೊನೆಯಲ್ಲಿ ಮುಂದಿನ ವರ್ಷದ ಪಾಸ್ ಮಾರುವಾಗ ಈ ವರ್ಷದ ಉಳಿದ ದಿನಗಳನ್ನೂ ಸೇರಿಸಿ ಕೊಡುತ್ತವೆ. ಆಗ ತಗೊಳ್ಳುವುದು ಒಳ್ಳೆಯದು. ದೊಡ್ಡ ರೈಡುಗಳು ದುರಸ್ತಿಗೆ ಮುಚ್ಚುವ ತಿಂಗಳು ಯಾವುದು, ನೀರಿನ ಆಟದ ಭಾಗ ಚಳಿಗಾಲದಲ್ಲಿ ಇರುತ್ತದಾ, ಇದನ್ನೂ ಕೇಳಿ.

ಕಂತಿನಲ್ಲಿ ಕಟ್ಟಿದರೆ ಪಾಸ್ ಅಗ್ಗ ಆಗುವುದಿಲ್ಲ, ಅಗ್ಗ ಅನ್ನಿಸುತ್ತದೆ. ಮಧ್ಯದಲ್ಲಿ ನಿಲ್ಲಿಸಲು ಬಿಡುತ್ತಾರಾ, ವರ್ಷ ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದಾ ಅಂತ ನೋಡಿ. ಒಬ್ಬರ ಪಾಸಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ, ಫೋಟೊ ಇರುತ್ತದೆ.

ಒಂದು ಪಾಸಿಗೆ ಹಲವು ಪಾರ್ಕು ಅಂತ ಮಾರಿದರೆ, ಅದರಲ್ಲಿ ನೀವು ನಿಜವಾಗಿ ಹೋಗುವ ಪಾರ್ಕು ಎಷ್ಟು ಅಂತ ಮಾತ್ರ ಎಣಿಸಿ. ಆ ಪಟ್ಟಿ ಹಾಗೇ ಇರುತ್ತದೆ ಅಂತಲೂ ಇಲ್ಲ. ಅಮೆರಿಕದಲ್ಲಿ ಹಲವು ಪಾರ್ಕು ನಡೆಸುವ ಸಿಕ್ಸ್ ಫ್ಲ್ಯಾಗ್ಸ್ ಮತ್ತು ಸೀಡರ್ ಫೇರ್ ಕಂಪನಿಗಳು 2024ರ ಜುಲೈನಲ್ಲಿ ಒಂದಾದವು. ಮರುವರ್ಷವೇ, 2025ರ ನವೆಂಬರ್ 2ಕ್ಕೆ, ಮೇರಿಲ್ಯಾಂಡಿನ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಪಾರ್ಕ್ ಬಾಗಿಲು ಹಾಕಿತು.

ಆ ಕೌಂಟರ್ ಮುಂದೆ ನಿಂತಾಗ

ಮೊದಲ ಸಲ ಹೋಗುವವರು ಪಾಸ್ ಮೊದಲೇ ಕೊಳ್ಳಬೇಡಿ. ಒಂದು ದಿನದ ಟಿಕೆಟ್‌ನಲ್ಲಿ ಹೋಗಿ. ಆ ಟಿಕೆಟ್ ದುಡ್ಡನ್ನು ಪಾಸಿಗೆ ಹಿಡಿದುಕೊಳ್ಳುತ್ತಾರಾ, ಎಷ್ಟು ದಿನದೊಳಗೆ ಅಂತ ಬೆಳಿಗ್ಗೆಯೇ ವಿಚಾರಿಸಿ. ಕೆಲವು ಕಡೆ ಅದೇ ದಿನ, ಹೊರಗೆ ಬರುವ ಮೊದಲೇ ಮಾಡಿಸಬೇಕು. ಮಧ್ಯಾಹ್ನ ಊಟ ಆದ ಮೇಲೆ ಹತ್ತು ನಿಮಿಷ ನೆರಳಲ್ಲಿ ಕೂತು ಮನೆಯಲ್ಲಿ ಬರೆದ ಚೀಟಿ ತೆಗೆಯಿರಿ. ಒಳಗೆ ಇನ್ನೂ ನೋಡಬೇಕಾದ್ದು ಎಷ್ಟು ಉಳಿದಿದೆ? ಇರುವುದೆಲ್ಲಾ ಒಂದೇ ದಿನದಲ್ಲಿ ಮುಗಿಯುವ ಪಾರ್ಕಾದರೆ ಮತ್ತೆ ಬಂದು ಏನು ಮಾಡುತ್ತೀರಿ?

ತಗೊಂಡಿರಾ, ಸಂತೋಷ. ಅವತ್ತೇ ಫೋನಿನಲ್ಲಿ ಒಂದು ಜ್ಞಾಪನೆ ಇಡಿ, ಅವಧಿ ಮುಗಿಯುವ ಒಂದು ತಿಂಗಳ ಮೊದಲಿಗೆ. ಪ್ರತಿ ಸಲ ಹೋದಾಗಲೂ ಅದರಲ್ಲೇ ತಾರೀಕು ಸೇರಿಸುತ್ತಾ ಹೋಗಿ. ನನ್ನದು ಹೋದ ತಿಂಗಳು ಬಡಿಯಿತು. ತೆರೆದರೆ ಎರಡೇ ತಾರೀಕು, ಎರಡೂ ಮೊದಲ ಮೂರು ತಿಂಗಳಿನವು. ಅಲ್ಲೇ ಕೂತು ರಿನ್ಯೂವಲ್ ಆಫ್ ಮಾಡಿದೆ. ಮಗ ಮಾತ್ರ ಕೇಳುತ್ತಿದ್ದಾನೆ, ಈಗ 122 ದಾಟಿದ್ದೇನಲ್ಲ ಅಂತ. ಅವನಿಗೆ ಒಂದು ದಿನದ ಟಿಕೆಟ್ ತೆಗೆದಿದ್ದೇನೆ, ಮುಂದಿನ ಬುಧವಾರಕ್ಕೆ.